ಅಮ್ಮನವರು ಕೂತಿದ್ದ ಬೆಂಚು

ಅನ್ನ ಬಸಿದ ಗಂಜಿಯನ್ನು ಬಕೆಟ್ಟಿಗೆ ಸುರಿದು, ನೀರು ಬೆರೆಸಿ, ಬಿಳಿ ನಿಲುವಂಗಿಯನ್ನು ಅದರಲ್ಲಿ ಅದ್ದಿದೆ. ಹಬೆಯ ಜೊತೆ ಆ ವಾಸನೆ ಎದ್ದು ಬಂತು... ಅಮ್ಮನವರ ಸೆರಗಿನಲ್ಲಿ ಪ್ರತಿ ಶನಿವಾರ ಇರುತ್ತಿದ್ದದ್ದು ಇದೇ ವಾಸನೆ.

ಅಂಗಿ ಮನೆಯಲ್ಲಿದ್ದರೂ ಇನ್ನೂ ನನ್ನದಾಗಿಲ್ಲ. ಪಾದ್ರಿಯಾಗಲು ಓದುತ್ತಿರುವವನು ನಾನು. ದೀಕ್ಷೆಯಾಗುವ ತನಕ ಇದನ್ನು ತೊಡುವ ಹಾಗಿಲ್ಲ. ಬೀರುವಿನಲ್ಲಿ ಹಳದಿಗಟ್ಟಬಾರದೆಂದು ಆಗಾಗ ಒಗೆದು ಗಂಜಿ ಹಾಕುತ್ತೇನೆ. "ಆಕ್ಕೊಳೋಕೆ ಮುಂಚೇನೇ ಒಗ್ದು ಒಗ್ದು ಸವೆಸ್ಬುಡ್ತೀರ" ಎಂದು ಹೆಂಡತಿ ರೇಗಿಸುತ್ತಾಳೆ. ಇರಬಹುದು. ಸುಮ್ಮನೆ ಕೂರುವ ವಿದ್ಯೆ ನನಗೆ ಯಾವತ್ತೂ ಹತ್ತಲಿಲ್ಲ.

ಅಮ್ಮನವರೆಂದರೆ ಟಿ. ನರಸೀಪುರದ ನಮ್ಮ ಪುಟ್ಟ ಚರ್ಚಿನಲ್ಲಿದ್ದ ಅಯ್ಯನವರ ಹೆಂಡತಿ. ನಮ್ಮ ಕಡೆ ಪಾದ್ರಿಯನ್ನು ಅಯ್ಯನವರು ಎನ್ನುತ್ತೇವೆ, ಅವರ ಮನೆಯಾಕೆಯನ್ನು ಅಮ್ಮನವರು ಎನ್ನುತ್ತೇವೆ. ಅವರಿಗೊಂದು ಸ್ವಂತ ಹೆಸರಿರುತ್ತದೆ ಅನ್ನುವುದು ಸಭೆಯವರಿಗೆ ಮರೆತೇ ಹೋಗಿರುತ್ತದೆ.

ನನಗೆ ಆಗ ಮದುವೆಯಾಗಿ ವರ್ಷವೂ ತುಂಬಿರಲಿಲ್ಲ. ಹೆಂಡತಿ ನರಸೀಪುರದ ಒಂದು ಶಾಲೆಯಲ್ಲಿ ಟೀಚರ್. ನನಗೆ ನಂಜನಗೂಡಿನ ಇಂಡಸ್ಟ್ರಿಯಲ್ ಏರಿಯಾದಲ್ಲಿ ಶಿಫ್ಟ್ ಕೆಲಸ, ಸಂಜೆಗೆ ಮೈಸೂರಿನ ಸೆಮಿನರಿಯಲ್ಲಿ ಕ್ಲಾಸು, ಭಾನುವಾರ ಅಯ್ಯನವರ ಜೊತೆ ನಿಂತು ಸೇವೆ ಕಲಿಯುವುದು. ಎರಡು ದೋಣಿಯ ಮೇಲೆ ಕಾಲಿಡಬೇಡ ಎನ್ನುತ್ತಾರಲ್ಲ, ನನ್ನವು ಮೂರು ದೋಣಿ; ಕಾಲು ಮಾತ್ರ ಎರಡೇ. ಬೈಕು ಸುತ್ತೂರು ದಾಟುವಾಗ ಫ್ಯಾಕ್ಟರಿಗೆ ತಡವಾಯಿತೆಂದು ತಳಮಳ, ತಾಂಡವಪುರ ದಾಟುವಾಗ ಕ್ಲಾಸಿಗೆ ತಡವಾಯಿತೆಂದು ತಳಮಳ. ಮನೆಗೆ ತಡವಾಯಿತೆಂದು ಮಾತ್ರ ಯಾವ ಊರು ದಾಟುವಾಗಲೂ ಅನ್ನಿಸುತ್ತಿರಲಿಲ್ಲ.

ಶನಿವಾರ ಮರುದಿನದ ಆರಾಧನೆಯ ವಿಷಯ ಕೇಳಲು ಅಯ್ಯನವರ ಮನೆಗೆ ಹೋಗುತ್ತಿದ್ದೆ. ಹಿತ್ತಿಲಿನ ಒಗೆಯುವ ಕಲ್ಲಿನ ಹತ್ತಿರ ಅಮ್ಮನವರು ಅಯ್ಯನವರ ನಿಲುವಂಗಿಗೆ ಗಂಜಿ ಹಾಕುತ್ತಿರುತ್ತಿದ್ದರು. ಕುಳ್ಳಗೆ, ಕನ್ನಡಕವನ್ನು ತಲೆಯ ಮೇಲೇರಿಸಿಕೊಂಡು, ಮೊಣಕೈವರೆಗೆ ಬಿಳಿ ಬಿಳಿ. ಒಳಗೆ ಹೋಗುವ ಅವಸರದಲ್ಲಿದ್ದ ನನ್ನನ್ನು ನಿಲ್ಲಿಸಿ, "ಆ ಮಗೀನ್ಗೆ ಇವತ್ತು ಏನ್ ಅಡ್ಗೆ ಮಾಡ್ದೆ ಅಂತ ಕೇಳ್ದೇನಪ್ಪಾ?" ಎನ್ನುವರು. ಆ ಮಗು ಎಂದರೆ ನನ್ನ ಹೆಂಡತಿ. ನಾನು ಹಲ್ಲು ಕಿರಿದು ಜಾರಿಕೊಳ್ಳುತ್ತಿದ್ದೆ.

ಮದುವೆಗೆ ಮುಂಚೆ ಅವರೂ ತಗಡೂರಿನ ಕಡೆ ಒಂದು ಶಾಲೆಯಲ್ಲಿ ಪಾಠ ಹೇಳುತ್ತಿದ್ದರಂತೆ. ಅಯ್ಯನವರು ಸೆಮಿನರಿಗೆ ಸೇರಿದಾಗ ಬಿಟ್ಟರಂತೆ. ಆಮೇಲೆ ವರ್ಗವಾದ ಕಡೆಗೆಲ್ಲ ಪಾತ್ರೆ ಪಗಡೆ ಕಟ್ಟಿಕೊಂಡು... ಇಷ್ಟೂ ನನಗೆ ಬೇರೆಯವರಿಂದ ಗೊತ್ತಾದದ್ದು.

ಸೆಮಿನರಿಯ ಕೊನೆಯ ವರ್ಷಕ್ಕೆ ಕೆಲಸ ಬಿಟ್ಟು, ಕುಟುಂಬ ಸಮೇತ ಅಲ್ಲಿನ ಹಾಸ್ಟೆಲಿನಲ್ಲೇ ಇರಬೇಕು. ಅದಕ್ಕೆ ಮುಂಚೆ, ಪಾದ್ರಿಯಾಗುವವರನ್ನು ಆರಿಸುವ ಚರ್ಚಿನ ಕಮಿಟಿಯವರು ಗಂಡನನ್ನು ಮಾತಾಡಿಸಿ, ನಂತರ ಹೆಂಡತಿಯನ್ನು ಒಬ್ಬಳನ್ನೇ ಒಳಗೆ ಕರೆದು, "ನಿನಗೆ ಒಪ್ಪಿಗೆಯೇನಮ್ಮ?" ಎಂದು ಕೇಳುತ್ತಾರೆ. ಎಲ್ಲರೂ ಹೂಂ ಎನ್ನುತ್ತಾರೆ. ನಮ್ಮ ಸರದಿ ಬಂದ ವರ್ಷವೇ ನನ್ನ ಹೆಂಡತಿಯ ಕೆಲಸ ಕಾಯಂ ಆಗುವುದರಲ್ಲಿತ್ತು. ಆದರೂ ಇವಳೂ ಹೂಂ ಎನ್ನುತ್ತಾಳೆಂದು ನಾನು ಆರಾಮವಾಗಿದ್ದೆ. ಜೊತೆಗಿರಲೆಂದು ಅಮ್ಮನವರು ಮೈಸೂರಿಗೆ ಬಂದರು. ನಾನು ಒಳಗೆ ಮಾತಾಡುತ್ತಿದ್ದಷ್ಟು ಹೊತ್ತೂ ಅವರಿಬ್ಬರು ಹೊರಗಿನ ಬೆಂಚಿನ ಮೇಲೆ ಕೂತಿದ್ದರು.

ಇವಳು ಒಳಗೆ ಹೋದವಳು, "ಈಗ ಆಗಲ್ಲ ಸಾರ್" ಎಂದುಬಿಟ್ಟಳು. ಇಬ್ಬರೂ ಒಮ್ಮನಸ್ಸಾದ ಮೇಲೆ ಬನ್ನಿ ಎಂದು ಕಮಿಟಿಯವರು ಕಳಿಸಿದರು.

ವಾಪಸ್ ಬಸ್ಸಿನಲ್ಲಿ ಹೆಂಡತಿ ಕಿಟಕಿಗೆ ತಲೆ ಆನಿಸಿ ಕಣ್ಣು ಮುಚ್ಚಿದ್ದಳು. ನಾನು ಅಮ್ಮನವರ ಪಕ್ಕದಲ್ಲಿ ಕೂತು ಕುದಿಯುತ್ತಿದ್ದೆ. "ಏನು ಹೇಳಿಕೊಟ್ರಿ ಅಮ್ಮನೋರೆ ಅವಳಿಗೆ?" ಎಂದು ಕೇಳಿಯೇ ಬಿಟ್ಟೆ.

"ಏಳ್ಕೊಡೋಕೆ ನಾನ್ಯಾರಪ್ಪಾ? ನಿಂಗೇನ್ ಬೇಕವ್ವಾ ಅಂತ ಕೇಳ್ದೆ, ಅಷ್ಟೇಯ." ಸ್ವಲ್ಪ ದೂರ ಹೋದ ಮೇಲೆ, ನನ್ನ ಕಡೆ ನೋಡದೆ, ಮೆಲ್ಲಗೆ ಅಂದರು: "ನನ್ನೂ ಅದೇ ಬೆಂಚ್ ಮ್ಯಾಲೆ ಕೂರ್ಸಿದ್ರು ಕಣಪ್ಪಾ. ಒಳಗ್ ಕರ್ದು ಕೇಳುದ್ರು, ಊಂ ಅಂದ್ಬುಟ್ಟೆ. ಆಮ್ಯಾಕೆ ಯಾರೂ ಕೇಳ್ನಿಲ್ಲ."

ನನ್ನ ಸಿಟ್ಟು ಇಳಿಯಲು ತಿಂಗಳುಗಳೇ ಹಿಡಿದವು. ಇಳಿದ ಮೇಲೆ ನೈಟ್ ಶಿಫ್ಟ್ ಬಿಟ್ಟೆ, ಸಂಬಳ ಕಡಿಮೆಯಾಯಿತು. ಸೆಮಿನರಿಯಲ್ಲಿ ಇನ್ನೂ ಬಾಕಿಯಿದ್ದ ವಿಷಯಗಳಲ್ಲಿ ವರ್ಷಕ್ಕೆ ತೆಗೆದುಕೊಳ್ಳುವುದನ್ನು ಅರ್ಧಕ್ಕಿಳಿಸಿದೆ. ಜೊತೆಗೆ ಓದಿದವರೆಲ್ಲ ಒಬ್ಬೊಬ್ಬರಾಗಿ ಅಯ್ಯನವರಾಗಿ ಹೋದರು. ಅವರ ದೀಕ್ಷೆಗೆ ಹೋಗಿ ಹೊಟ್ಟೆತುಂಬ ಬಿರಿಯಾನಿ ತಿಂದು, ಹೊಟ್ಟೆಯುರಿ ಹೊತ್ತು ಬರುತ್ತಿದ್ದೆ. ಹೆಂಡತಿಯ ಕೆಲಸ ಕಾಯಂ ಆಯಿತು. ಭಾನುವಾರ ಮಧ್ಯಾಹ್ನ ಇಬ್ಬರೂ ಒಟ್ಟಿಗೆ ಊಟ ಮಾಡುವುದು ರೂಢಿಯಾಯಿತು. ಆದರೂ ತಟ್ಟೆಯ ಮುಂದೆ ಕೂತಾಗಲೂ ನನ್ನ ಕಾಲು ಅಲ್ಲಾಡುತ್ತಲೇ ಇರುತ್ತಿತ್ತು.

ಅಷ್ಟರಲ್ಲಿ ಅಯ್ಯನವರಿಗೆ ಬೇರೆ ಊರಿಗೆ ವರ್ಗವಾಯಿತು. ಹೊಸ ಮನೆಯಲ್ಲಿ ಸಾಮಾನು ಬಿಚ್ಚುವ ಮೊದಲೇ ಅಮ್ಮನವರು ಹಾಸಿಗೆ ಹಿಡಿದರು. ಮತ್ತೆ ಏಳಲಿಲ್ಲ.

ಮಣ್ಣಾದ ಮೇಲೆ ಅಯ್ಯನವರು ನನ್ನನ್ನು ಒಳಕೋಣೆಗೆ ಕರೆದು ಈ ನಿಲುವಂಗಿಯನ್ನು ಕೈಗಿಟ್ಟರು. ಅಮ್ಮನವರು ಕೊನೆಯದಾಗಿ ಗಂಜಿ ಹಾಕಿ ಮಡಿಸಿಟ್ಟದ್ದು. ಜೀವನವೆಲ್ಲ ಬೋಧನೆ ಮಾಡಿದ ಮನುಷ್ಯ, ಮಾತಿಗೆ ತಡಕಾಡಿದರು. "ಅವ್ಳು ನಿನ್ ಅತ್ರ ಮಾತಾಡೋಳಲ್ವಾ... ನನ್ ವಿಷ್ಯ ಏನಾರ ಏಳಿದ್ಲಾ?"

ಬಸ್ಸಿನ ಮಾತು ನಾಲಿಗೆಯ ತುದಿಗೆ ಬಂತು. "ಇಲ್ಲ ಅಯ್ಯನೋರೆ" ಎಂದೆ. ಅವರು ತಲೆಯಾಡಿಸಿದರು. ನನ್ನನ್ನು ನಂಬಿದಂತೆ ಕಾಣಲಿಲ್ಲ.

ಈಗ ಬರುವ ವಾರ ನಾವು ಮತ್ತೆ ಕಮಿಟಿಯ ಮುಂದೆ ಹೋಗಬೇಕು. ಮತ್ತೆ ಇವಳನ್ನು ಒಳಗೆ ಕರೆಯುತ್ತಾರೆ. ಈ ಸಲ ಬೆಂಚಿನ ಮೇಲೆ ಪಕ್ಕದಲ್ಲಿ ಕೂರಲು ಅಮ್ಮನವರಿಲ್ಲ. ಏನು ಹೇಳುತ್ತಾಳೋ ಗೊತ್ತಿಲ್ಲ. ಇವತ್ತು ಬಟ್ಟೆ ಹಿಂಡುತ್ತಿದ್ದವನು ಕೈ ನಿಲ್ಲಿಸಿ ಒಳಗೆ ಹೋದೆ. ಅವಳು ಮಕ್ಕಳ ಪೇಪರ್ ತಿದ್ದುತ್ತಿದ್ದಳು. ಒಪ್ಪಿಗೆಯಾ ಎಂದು ಕೇಳಬೇಕೆಂದೇ ಹೋದವನು, "ನಿಂಗೇನು ಬೇಕು?" ಎಂದೆ.

ಅವಳ ಕೆಂಪು ಪೆನ್ನು ನಿಂತಿತು.

"ಕೂತ್ಕೊಳಿ" ಅಂದಳು. "ಒಂದ್ ಮಾತಲ್ಲಿ ಮುಗ್ಯೋದಲ್ಲ ಅದು."

ಗಂಜಿ ಒಣಗುತ್ತಿದ್ದ ಕೈಯಲ್ಲೇ ಅವಳ ಎದುರು ಕೂತೆ. ಅಮ್ಮನವರ ಎದುರು ಹೀಗೆ ಯಾರೂ ಕೂತಿರಲಿಲ್ಲ.