ಆಸ್ಪತ್ರೆಯ ದಿನ ಮಾತ್ರ ನೆಟ್ಟಗಾಗುವ ಬೆರಳು

ಹೊಲಿಗೆ ಅಂಗಡಿಯ ಚಿಕ್ಕಮ್ಮನಿಗೆ ಕೀಲುವಾತ ಹಿಡಿದು ಒಂಬತ್ತು ವರ್ಷವಾಯಿತು. ಬೀದಿಯಲ್ಲಿ ಅವಳಿಗಿಂತ ಹಿರಿಯರೂ ಅವಳನ್ನು ಚಿಕ್ಕಮ್ಮ ಎಂದೇ ಕರೆಯುತ್ತಾರೆ, ಯಾಕೆಂದರೆ ಆ ಬಾಯಿಗೆ ಹೆದರದವರಿಲ್ಲ. ಅಳತೆ ತೆಗೆಯುವುದು, ಬಟ್ಟೆ ಕತ್ತರಿಸುವುದು ಅವಳು. ಮಷೀನು ತುಳಿಯುವುದು ಗಂಡ. ಮಷೀನಿನ ಸದ್ದೇ ಅವನ ಮಾತು.

ಬೆಳಗ್ಗೆ ಎದ್ದರೆ ಬೆರಳುಗಳು ಮಡಚಿಕೊಂಡೇ ಇರುತ್ತವೆ. ಅವಳ ರವಿಕೆಯ ಗುಂಡಿಯನ್ನು ಗಂಡನೇ ಹಾಕಬೇಕು. ಈಚೆಗೆ ಕತ್ತರಿ ಎರಡು ಸಲ ಕೈಜಾರಿ ಬಿದ್ದಿತ್ತು. ಚಿಕ್ಕಮ್ಮನಿಗೆ ಭಯವೆಂದರೆ ಅದೊಂದೇ. ಕತ್ತರಿ ಹೋದರೆ ಅಂಗಡಿಯಲ್ಲಿ ತನಗೇನು ಕೆಲಸ? ಮೂಲೆಯಲ್ಲಿ ಕೂತು ಗಂಡ ಕತ್ತರಿಸುವುದನ್ನು ನೋಡುವುದೇ? ಅವನಿಗೆ ನೇರ ಗೆರೆ ಎಳೆಯಲೂ ಬರುವುದಿಲ್ಲ.

ಇಷ್ಟೆಲ್ಲ ಇದ್ದೂ ಮೂರು ತಿಂಗಳಿಗೊಮ್ಮೆ ಆಸ್ಪತ್ರೆಗೆ ಹೋಗುವ ದಿನ ಮಹಾತಾಯಿ ಏನು ಮಾಡುತ್ತಿದ್ದಳು ಕೇಳಿ. ಐದಕ್ಕೇ ಎದ್ದು, ಬಿಸಿನೀರಿನಲ್ಲಿ ಒಂದು ಗಂಟೆ ಕೈ ಅದ್ದಿ, ಎತ್ತಿಟ್ಟಿದ್ದ ನೋವಿನ ಮಾತ್ರೆ ಎರಡು ನುಂಗಿ, ಇಸ್ತ್ರಿ ಮಾಡಿದ ಬಟ್ಟೆ ಉಟ್ಟು ಹೊರಡುತ್ತಿದ್ದಳು. ಹನ್ನೊಂದಕ್ಕೆ ಡಾಕ್ಟರಮ್ಮನ ಮುಂದೆ ಕೂರುವ ಹೊತ್ತಿಗೆ ಬೆರಳು ಹೂವಿನ ಹಾಗೆ ಬಿಚ್ಚಿಕೊಂಡಿರುತ್ತಿತ್ತು.

"ಹೇಗಿದ್ದೀರಿ?"

"ನನಗೇನಾಗಿದೆ, ಗುಂಡುಕಲ್ಲಿನ ಹಾಗಿದ್ದೀನಿ."

ಡಾಕ್ಟರಮ್ಮ ಗೆಣ್ಣು ಒತ್ತಿದರೂ ಚಿಕ್ಕಮ್ಮ ಹಲ್ಲು ಕಚ್ಚಿ ನಗುತ್ತಿದ್ದಳು. ಹಳೆಯ ಮಾತ್ರೆಯೇ ಮುಂದುವರಿಯುತ್ತಿತ್ತು. ವಾಪಸು ಬರುವ ದಾರಿಯುದ್ದಕ್ಕೂ ಡಾಕ್ಟರಿಗೆ ಬೈಗುಳ: "ಇವರಿಗೇನೂ ಗೊತ್ತಾಗಲ್ಲ ಕಣ್ರೀ!"

"ನೀನು ಹೇಳಿದ್ಯಾ?" ಎಂದು ಗಂಡ ಒಮ್ಮೆ ಕೇಳಿದ್ದ.

"ನಾನು ಹೇಳೋದಾದ್ರೆ ಅವರು ಓದಿದ್ಯಾತಕ್ಕೆ?"

ಈ ಸಲ ಗಂಡನೂ ಜೊತೆಗೆ ಒಳಗೆ ಬಂದ. ಚಿಕ್ಕಮ್ಮ ಗುಂಡುಕಲ್ಲಿನ ಮಾತು ಶುರುಮಾಡಿದ್ದೇ ತಡ, ಅವನು ಗಂಟಲು ಸರಿಮಾಡಿಕೊಂಡ.

"ಡಾಕ್ಟ್ರೇ, ಇವಳು ಹೊಟ್ಟೆ ಒಳಕ್ಕೆ ಎಳ್ಕೊಂಡು ಕೂತಿದಾಳೆ."

ಡಾಕ್ಟರಮ್ಮನಿಗೆ ಅರ್ಥವಾಗಲಿಲ್ಲ. ಅವನು ಬಿಡಿಸಿ ಹೇಳಿದ. ಅಳತೆಗೆ ನಿಂತಾಗ ದೊಡ್ಡ ಹೊಟ್ಟೆಯವರು ಉಸಿರು ಕಟ್ಟಿ ಹೊಟ್ಟೆ ಒಳಗೆಳೆದುಕೊಳ್ಳುತ್ತಾರೆ. ಆಗ ಇವಳು ಟೇಪಿನಿಂದಲೇ ಒಂದು ಬಿಟ್ಟು, "ಉಸಿರು ಬಿಡ್ರೀ, ಕೋಟು ನಿಮ್ಮ ಮೈಗೆ ಹೊಲೀಲೋ, ನಿಮ್ಮ ಆಸೆಗೆ ಹೊಲೀಲೋ?" ಎಂದು ಗದರುತ್ತಾಳೆ. "ಇಲ್ಲಿ ಒಂಬತ್ತು ವರ್ಷದಿಂದ ಅದನ್ನೇ ಮಾಡ್ತಿದಾಳೆ. ಬೆಳಗ್ಗೆ ಅವಳ ಗುಂಡಿ ಹಾಕೋದು ನಾನು." ಮದುವೆಯಾದಾಗಿನಿಂದ ಅವನು ಒಂದೇ ಉಸಿರಿಗೆ ಇಷ್ಟು ಮಾತಾಡಿದ್ದಿಲ್ಲ.

ಚಿಕ್ಕಮ್ಮ ಅವನನ್ನು ನುಂಗುವ ಹಾಗೆ ನೋಡಿದಳು. ಡಾಕ್ಟರಮ್ಮ ನಗಲಿಲ್ಲ.

"ಹತ್ತಕ್ಕೆ ಎಷ್ಟು ನೋವು, ಹೇಳಿ."

"ಮೂರು."

ಗಂಡ ಕೆಮ್ಮಿದ.

"ಆರು ಅಂತಿಟ್ಕೊಳ್ಳಿ."

ಮತ್ತೆ ಕೆಮ್ಮು.

"ಎಂಟು! ಇನ್ನು ಕೆಮ್ಮಿದ್ರೆ ನಿಮಗೂ ಒಂದು ಚೀಟಿ ಬರೆಸ್ತೀನಿ!"

ಡಾಕ್ಟರಮ್ಮ ಅವಳ ಬಲಗೈ ತೋರುಬೆರಳನ್ನು ಮೆಲ್ಲಗೆ ಹಿಡಿದು ಹೇಳಿದಳು: "ಇದು ಇನ್ನು ಪೂರ್ತಿ ನೆಟ್ಟಗಾಗಲ್ಲ. ಹೋದ ವರ್ಷವೇ ಹೇಳಿದ್ರೆ ಉಳಿಸಬಹುದಿತ್ತೇನೋ. ಈಗ ಔಷಧಿ ಬದಲಾಯಿಸಿದ್ರೆ ಉಳಿದ ಬೆರಳುಗಳನ್ನ ಕಾಪಾಡಬಹುದು. ಕತ್ತರಿಯನ್ನೂ ಹಿಡೀಬಹುದು, ಹಿಡಿತ ಬೇರೆ ಕಲೀಬೇಕು. ಆದರೆ ನೀವು ನಿಜ ಹೇಳಬೇಕು."

ಚಿಕ್ಕಮ್ಮ ಆ ಬೆರಳನ್ನೇ ತಿರುಗಿಸಿ ನೋಡಿಕೊಂಡಳು. ಅದನ್ನು ತನ್ನ ಕೈಯಾರೆ ತಾನೇ ಕಳೆದುಕೊಂಡಿದ್ದಳು. ಗಂಡ, ಇನ್ನು ಜಗಳವೇ ಗತಿ ಎಂದುಕೊಂಡು ತಲೆ ತಗ್ಗಿಸಿದ.

ಆಮೇಲೆ ಅವಳು ಎಡಗೈಯನ್ನೂ ಮೇಜಿನ ಮೇಲಿಟ್ಟಳು. "ಇದೂ ನೋಯುತ್ತೆ. ಈ ಮಣಿಕಟ್ಟು, ರಾತ್ರಿಯೆಲ್ಲ. ಮಂಡಿ ಎರಡೂ. ಮೆಟ್ಟಿಲನ್ನ ಕೂತ್ಕೊಂಡೇ ಇಳೀತೀನಿ, ಇವರಿಗೂ ಗೊತ್ತಿಲ್ಲ..." ಹೇಳುತ್ತಾ ಹೇಳುತ್ತಾ ಕಣ್ಣೀರು ಇಳಿಯಿತು, ಆದರೂ ಮಾತು ನಿಲ್ಲಲಿಲ್ಲ.

ಹೊರಗೆ ಸರದಿಯಲ್ಲಿದ್ದವರು ಬೇಸತ್ತು ಬಾಗಿಲು ತಟ್ಟಿದರು.

"ಸ್ವಲ್ಪ ಇರಿ," ಎಂದು ಒಳಗಿಂದಲೇ ಗದರಿದಳು ಚಿಕ್ಕಮ್ಮ, "ಒಂಬತ್ತು ವರ್ಷದ್ದು ಹೇಳೋದಿದೆ."