ವೈರು ಕೈಯಲ್ಲಿದ್ದಾಗ ಬಂದ ಎಚ್ಚರಿಕೆ

ಅಕ್ಟೋಬರ್ ಒಂದು, ಬುಧವಾರ, ಬೆಳಿಗ್ಗೆ ಹನ್ನೊಂದು ಗಂಟೆ ನಲವತ್ತು ನಿಮಿಷ. ನನ್ನ ಡೈರಿಯಲ್ಲಿ ಹಾಗೇ ಇದೆ. ಅದಕ್ಕೂ ಮೊದಲು ಯಾರಾದರೂ ಇಂಥ ಕಥೆ ಹೇಳಿದ್ದರೆ ನಾನು ನಕ್ಕುಬಿಡುತ್ತಿದ್ದೆ. ಎಣಿಸಲು ಬಾರದ್ದನ್ನು ನಂಬುವ ಅಭ್ಯಾಸ ನನಗಿಲ್ಲ.

ನಾನು ಮೂಕಂಡಪಲ್ಲಿಯ ಒಂದು ಕಾರ್ಖಾನೆಯ ಕಂಪ್ಯೂಟರ್ ವಿಭಾಗದಲ್ಲಿದ್ದೇನೆ. ಅಲ್ಲಿ ಸ್ಟೋರು, ಲೋಡಿಂಗ್ ಎರಡನ್ನೂ ನಡೆಸುವುದು ಒಂದೇ ಸರ್ವರ್. ಮುಖ್ಯ ಕಚೇರಿಯಲ್ಲಿರುವ ಇನ್ನೊಂದು ಕಂಪ್ಯೂಟರ್, ನಿನ್ನ ಪ್ರೊಸೆಸರ್ ಎಷ್ಟು ದುಡಿಯುತ್ತಿದೆ ಎಂದು ನಿಮಿಷಕ್ಕೊಮ್ಮೆ ಅದನ್ನು ಕೇಳುತ್ತದೆ. ಉತ್ತರ ನೂರಕ್ಕೆ ಎಂಬತ್ತು ದಾಟಿದರೆ ಮೂರು ಫೋನುಗಳಿಗೆ ಎಚ್ಚರಿಕೆ ಬರುತ್ತದೆ: ಮ್ಯಾನೇಜರ್‌ಗೆ, ನನಗೆ, ಸರ್ವರ್ ಕೋಣೆ ನೋಡಿಕೊಳ್ಳುವ ಉದ್ದನಪಲ್ಲಿಯ ಮುನಿರಾಜಣ್ಣನಿಗೆ.

ತೊಂದರೆ ಏನೆಂದರೆ, ಸ್ಟೋರಿನ ಪಟ್ಟಿ ತಯಾರಾಗುವಾಗಲೆಲ್ಲ ಸರ್ವರ್ ಅರೆಗಳಿಗೆ ತೊಂಬತ್ತಕ್ಕೆ ಏರಿ ಇಳಿಯುತ್ತಿತ್ತು. ಮೆಟ್ಟಿಲು ಹತ್ತಿದವನು ಏದುಸಿರು ಬಿಟ್ಟ ಹಾಗೆ. ಅದು ಕಾಯಿಲೆಯಲ್ಲ. ಆದರೂ ಪ್ರತಿ ಸಲ ಫೋನು ಕೂಗುತ್ತಿತ್ತು. ಆಗಸ್ಟ್ ತಿಂಗಳಲ್ಲಿ ನಾನು ಗೀಟು ಹಾಕುತ್ತಾ ಹೋದೆ: ಒಟ್ಟು ನಾನೂರ ಹನ್ನೆರಡು. ನಿಜವಾದವು ನಾಲ್ಕು. ಆ ನಾಲ್ಕರಲ್ಲಿ ಮುನಿರಾಜಣ್ಣ ಮೂರನ್ನು ಹಿಡಿದ. ಒಂದು ತಪ್ಪಿತು, ಅವತ್ತು ಲಾರಿಗಳು ಒಂದು ಶಿಫ್ಟು ಪೂರ್ತಿ ಗೇಟಿನಲ್ಲೇ ನಿಂತವು.

ಅವನಿಗೆ ಮೆಮೊ ಬಂತು. ಆಯುಧಪೂಜೆ ಕಳೆದ ಮೇಲೆ ವಿಚಾರಣೆ, ಕೋಣೆಯ ಕೆಲಸ ಉಳಿಯುವುದು ಅನುಮಾನ ಎಂದರು. ಹದಿನೈದು ವರ್ಷದ ಕೆಲಸ.

"ಮನೆ ನಾಯಿ ಗಾಳಿಗೆಲ್ಲ ಬೊಗುಳ್ತಿದ್ರೆ, ಕಳ್ಳ ಬಂದಾಗ ಯಾವನ್ಲಾ ಏಳ್ತಾನೆ?" ಎಂದು ನನ್ನನ್ನು ಕೇಳಿದ. "ನಾಯಿಗೆ ಹೇಳ್ಕೊಡೋದು ಬಿಟ್ಟು ನಂಗೆ ಮೆಮೊ ಕೊಡ್ತಾರೆ ಕಣ್ಲಾ."

ನಾಯಿಗೆ ಹೇಳಿಕೊಟ್ಟವನು ನಾನು. ಸೆಪ್ಟೆಂಬರ್ ಒಂದರಿಂದ ನಿಯಮ ಬದಲಾಯಿಸಿದೆ: ಸತತ ಐದು ನಿಮಿಷ, ಐದು ಉತ್ತರವೂ ಎಂಬತ್ತು ದಾಟಿದ್ದರೆ ಮಾತ್ರ ಕೂಗಬೇಕು. ಆ ತಿಂಗಳು ಬಂದ ಎಚ್ಚರಿಕೆ ನಾಲ್ಕು. ನಾಲ್ಕೂ ನಿಜ, ನಾಲ್ಕನ್ನೂ ಅವನು ಹಿಡಿದ. ಎರಡು ತಿಂಗಳ ಹಾಳೆ ಹಿಡಿದು ಮ್ಯಾನೇಜರ್ ಮುಂದೆ ನಿಂತೆ. ಅವರು ಹಾಳೆಯನ್ನು ಮುಟ್ಟಲಿಲ್ಲ. "ನೀನು ನಿಯಮ ಬದಲಾಯಿಸಿದ್ದು ಸೆಪ್ಟೆಂಬರ್‌ನಲ್ಲಿ. ಅವನು ತಪ್ಪು ಮಾಡಿದ್ದು ಆಗಸ್ಟ್‌ನಲ್ಲಿ. ಸುಳ್ಳು ಎಚ್ಚರಿಕೆ ಅಂತ ಯಾವುದೂ ಇಲ್ಲ. ಫೋನು ಕೂಗಿದರೆ ಹೋಗಿ ನೋಡಬೇಕು, ಅಷ್ಟೇ" ಎಂದರು. ನೆನೆದರೆ ಈಗಲೂ ಮೈ ಉರಿಯುತ್ತದೆ.

ನಮ್ಮಲ್ಲಿ ಆಯುಧಪೂಜೆಯ ದಿನ ಯಂತ್ರ ದುಡಿಯುವಂತಿಲ್ಲ. ಲೇತ್ ಆಗಲಿ ಸರ್ವರ್ ಆಗಲಿ, ನಿಲ್ಲಿಸಿ, ಒರೆಸಿ, ಕುಂಕುಮ ಇಡಬೇಕು. ಈ ಸಲ ಅದು ಬಂದದ್ದು ಅಕ್ಟೋಬರ್ ಒಂದಕ್ಕೆ. ಹತ್ತೂಕಾಲಿಗೆ ಮುನಿರಾಜಣ್ಣ ಸರ್ವರ್ ನಿಲ್ಲಿಸಿ, ಅದರ ಕರೆಂಟಿನ ವೈರನ್ನೂ ಕಿತ್ತು ಸುರುಳಿ ಸುತ್ತಿ ಹಿಡಿದುಕೊಂಡ. ಪೂಜೆ ಮುಗಿಯುವವರೆಗೆ ಅದನ್ನು ನೆಲಕ್ಕಿಡುವುದಿಲ್ಲ, ಅದು ಅವನ ಪದ್ಧತಿ. ಮಂಗಳಾರತಿಯಾಗಿ, ಗೇಟಿನಲ್ಲಿ ಬೂದುಗುಂಬಳ ಒಡೆದು ಬಂದು, ಎಲ್ಲರೂ ಸರ್ವರ್ ಮುಂದೆ ಪುರಿ-ಕಡಲೆ ಹಂಚಿಕೊಳ್ಳುತ್ತಿದ್ದೆವು.

ಆಗ ಮೂರು ಫೋನೂ ಒಟ್ಟಿಗೆ ಕೂಗಿದವು.

ಅದೇ ಸರ್ವರ್. ಹನ್ನೊಂದು ಮೂವತ್ತೈದರಿಂದ ಮೂವತ್ತೊಂಬತ್ತರವರೆಗೆ, ಐದು ಉತ್ತರ. ಐದೂ ತೊಂಬತ್ತಮೂರು.

ಮ್ಯಾನೇಜರ್ ಬಾಯಲ್ಲಿ ಪುರಿ ಇಟ್ಟುಕೊಂಡೇ ಗದರಿದರು: "ಏನಯ್ಯಾ ಮುನಿರಾಜು, ನೋಡ್ಬಾರ್ದಾ?"

ಮುನಿರಾಜಣ್ಣ ಕೈ ಎತ್ತಿ ತೋರಿಸಿದ. "ಏನ್ ನೋಡ್ಲಿ ಸಾ? ವೈರು ನನ್ ಕೈನಾಗೇ ಐತಲ್ಲ."

ನಾನು ಸರ್ವರ್ ಮೇಲೆ ಕೈ ಇಟ್ಟೆ. ತಣ್ಣಗಿತ್ತು, ಹಚ್ಚಿದ ಕುಂಕುಮ ಇನ್ನೂ ಹಸಿಯಾಗಿತ್ತು.

ಹಳೆಯ ಸಂದೇಶ ತಡವಾಗಿ ಬಂದಿರಬಹುದು ಎನ್ನುವಿರಿ. ಉತ್ತರಗಳ ಮೇಲೆ ಅವತ್ತಿನ ಗಂಟೆ ನಿಮಿಷ ಇತ್ತು. ಆ ಹೆಸರಿನ ಇನ್ನೊಂದು ಯಂತ್ರ ಇದ್ದಿರಬಹುದು ಎನ್ನುವಿರಿ. ಎರಡು ವಾರ ಹುಡುಕಿದೆ, ಇಲ್ಲ. ನಿಂತ ಯಂತ್ರ ಸುಮ್ಮನಿರಬೇಕು. ಇದು ಐದು ಸಲ ಉತ್ತರ ಕೊಟ್ಟಿದೆ.

ಸಂಜೆ ಮ್ಯಾನೇಜರ್ ದಾಖಲೆಯಲ್ಲಿ ಬರೆದದ್ದು ನಾಲ್ಕೇ ಪದ: 'ಸುಳ್ಳು ಎಚ್ಚರಿಕೆ. ಕ್ರಮ ಬೇಡ.' ಆ ಹಾಳೆಯ ಪ್ರತಿಯನ್ನು ನಾನು ವಿಚಾರಣೆಗೆ ಒಯ್ದೆ. ಸುಳ್ಳು ಎಚ್ಚರಿಕೆ ಇಲ್ಲ ಅಂದವರು ಯಾರು, ಇದನ್ನು ಬರೆದವರು ಯಾರು ಎಂದು ಕೇಳಿದೆ. ಅದು ಬೇರೆ, ಇದು ಬೇರೆ ಎಂದರು. ಮುನಿರಾಜಣ್ಣ ಈಗ ಗೇಟಿನಲ್ಲಿ ಲಾರಿ ಚೀಟಿ ನೋಡುತ್ತಾನೆ. ಓಡುವ ಯಂತ್ರ ನಾನೂರ ಎಂಟು ಸಲ ಸುಳ್ಳು ಕೂಗಿದ್ದು ಅವನ ತಪ್ಪು. ಸತ್ತ ಯಂತ್ರ ಒಂದು ಸಲ ಕೂಗಿದ್ದು ಯಾರ ತಪ್ಪೂ ಅಲ್ಲ.

ವೈರು ಕಿತ್ತ ಸರ್ವರ್ ಹೇಗೆ ಉತ್ತರ ಕೊಟ್ಟಿತೆಂದು ಬಲ್ಲವರು ಈ ಪತ್ರಿಕೆಯ ಮೂಲಕ ನನಗೆ ಬರೆಯಬೇಕು. ನಿಮಗೂ ಹೀಗಾಗಿದ್ದರೆ ತಾರೀಕು, ಗಂಟೆ ಹಾಕಿ ಬರೆಯಿರಿ. ಆಗ ಯಂತ್ರದ ಪಕ್ಕದಲ್ಲಿ ಯಾರಿದ್ದರು, ಆಮೇಲೆ ಅವರನ್ನು ಏನು ಮಾಡಿದರು ಎಂಬುದನ್ನೂ ಬರೆಯಿರಿ. ಅದನ್ನೂ ಎಣಿಸುತ್ತಿದ್ದೇನೆ.