ಕತ್ತರಿಸಿ ಎಸೆದ ಪಟ್ಟಿ

ತಮಿಳು ಸೀಮೆಯ ಗಿಂಡಿ ಬಡಾವಣೆಯ ಒಂದು ಸಣ್ಣ ಆಸ್ಪತ್ರೆಯಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಇಸಿಜಿ ತೆಗೆಯುವ ಕೆಲಸ ಮಾಡಿದೆ. ಓದಿದ್ದು ಹೈಸ್ಕೂಲಿನವರೆಗೆ. ಉಳಿದದ್ದನ್ನು ಹಿರಿಯ ಟೆಕ್ನಿಷಿಯನ್ ಒಬ್ಬರು ಹೇಳಿಕೊಟ್ಟರು. ಕೆಂಪು ವೈರು ಬಲಗೈಗೆ, ಹಳದಿ ಎಡಗೈಗೆ, ಹಸಿರು ಎಡಗಾಲಿಗೆ, ಕಪ್ಪು ಬಲಗಾಲಿಗೆ. ಬಡಿತದ ಮೊದಲ ಸಣ್ಣ ಉಬ್ಬು ಪಿ, ನಡುವಿನ ಚೂಪಾದ ಏರು ಕ್ಯೂಆರ್‌ಎಸ್, ಕೊನೆಯ ಗುಡ್ಡ ಟಿ. ಅರ್ಥ ಹೇಳುವುದು ಡಾಕ್ಟರ ಕೆಲಸ, ಗೀಟು ಸರಿಯಾಗಿ ಬರುವಂತೆ ನೋಡಿಕೊಳ್ಳುವುದು ನಮ್ಮದು.

ಆಗಿನ ಮೆಷಿನ್ನಿನಿಂದ ಕಾಗದ ರಿಬ್ಬನ್ನಿನಂತೆ ಉದ್ದಕ್ಕೆ ಬರುತ್ತಿತ್ತು. ಲೀಡು ಎಂದರೆ ಹೃದಯವನ್ನು ನೋಡುವ ಒಂದು ದಿಕ್ಕು. ಒಂದೊಂದು ಲೀಡಿಗೂ ಒಂದೊಂದು ತುಂಡು ಕತ್ತರಿಸಿ ರಟ್ಟಿಗೆ ಅಂಟಿಸಬೇಕು. ಡಾಕ್ಟರು ನೋಡುತ್ತಿದ್ದದ್ದು ಆ ರಟ್ಟನ್ನು ಮಾತ್ರ. ನನ್ನ ರಟ್ಟುಗಳು ಮದುವೆ ಆಲ್ಬಮ್ಮಿನ ಹಾಗೆ ನೀಟು ಎಂದು ಎಲ್ಲರೂ ಹೊಗಳುತ್ತಿದ್ದರು. ಆ ಹೊಗಳಿಕೆಯ ರುಚಿ ನನಗೆ ಹತ್ತಿತ್ತು.

ಒಂದು ಬೆಳಿಗ್ಗೆ ಕಾರ್ಖಾನೆಯ ಲೇತ್ ಕೆಲಸಗಾರರೊಬ್ಬರು ಹೆಂಡತಿಯ ಜೊತೆ ಬಂದರು. ನನ್ನ ಹಾಗೆ ಕನ್ನಡದವರು, ಮಂಡ್ಯದ ಕಡೆಯವರು. ಎದೆ ಆಗಾಗ ಧಸಕ್ಕೆನ್ನುತ್ತದೆ ಎಂದರು. ಕಾಗದದ ಪಟ್ಟಿ ಓಡುತ್ತಿದ್ದಾಗ ನಡುನಡುವೆ ಅಗಲವಾದ, ವಿಕಾರವಾದ ಬಡಿತವೊಂದು ಅವಸರದಲ್ಲಿ ನುಗ್ಗುತ್ತಿತ್ತು.

"ಅಣ್ಣಾ, ಅಲ್ಲಾಡಬೇಡಿ."

"ಅಲ್ಲಾಡ್ತಿಲ್ಲ ಕಣಯ್ಯಾ. ಇವಳ ಎದುರು ಅಲ್ಲಾಡೋಕೂ ಧೈರ್ಯ ಬೇಕು."

"ಸುಮ್ನೆ ಮಲ್ಕೊಳ್ಳಿ, ಮೆಷಿನ್ನೂ ನಕ್ಕುಬಿಟ್ಟಾತು" ಎಂದರು ಹೆಂಡತಿ.

ಅಲ್ಲಾಡಿದರೆ ಗೀಟು ಒಂದೊಂದು ಸಲ ಒಂದೊಂದು ರೀತಿ ಕೆಡುತ್ತದೆ. ಇದು ಪ್ರತಿ ಸಲವೂ ಒಂದೇ ಆಕಾರದಲ್ಲಿ ಬಂದು, ಆಮೇಲೆ ಮುಂದಿನ ಬಡಿತ ಸ್ವಲ್ಪ ತಡವಾಗುತ್ತಿತ್ತು. ಕೆಟ್ಟದ್ದು ಗೀಟಲ್ಲ, ಬಡಿತವೇ. ಇಂಥದ್ದು ಕಂಡರೆ ಉದ್ದದ ಪಟ್ಟಿಯನ್ನೇ ಅಂಟಿಸಬೇಕೆಂದು ಹಿರಿಯರು ಹೇಳಿದ್ದರು. ನನಗೆ ಗೊತ್ತಿತ್ತು. ಆದರೂ ರಟ್ಟು ಅಂದಗೆಡುತ್ತದೆಂದು ಚೆನ್ನಾಗಿದ್ದ ಬಡಿತಗಳನ್ನಷ್ಟೇ ಆರಿಸಿ ಅಂಟಿಸಿದೆ, ಉಳಿದದ್ದನ್ನು ಬುಟ್ಟಿಗೆ ಹಾಕಿದೆ. ಡಾಕ್ಟರು ನೋಡಿ ನಾರ್ಮಲ್ ಎಂದು ಬರೆದರು.

ವಾರದ ಮೇಲೆ ಅವರು ಲೇತಿನ ಮುಂದೆಯೇ ಕುಸಿದು ತೀರಿಕೊಂಡರು. ತಿಂಗಳು ಕಳೆದು ಅವರ ಹೆಂಡತಿ ನನ್ನನ್ನು ಹುಡುಕಿಕೊಂಡು ಬಂದರು.

"ತಮ್ಮಾ, ಆ ಪೇಪರ್‌ನಲ್ಲಿ ಏನೂ ಇರಲಿಲ್ವಾ?"

"ಏನೂ ಇರಲಿಲ್ಲ ಅಕ್ಕಾ."

"ತೀರ್ಕೊಂಡ ದಿನ ಬೆಳಿಗ್ಗೆ ಸುಸ್ತು, ರಜ ಹಾಕ್ತೀನಿ ಅಂದ್ರು. ಡಾಕ್ಟ್ರೇ ನಾರ್ಮಲ್ ಅಂದವ್ರೆ, ಸೋಮಾರಿತನ ಬಿಡಿ ಅಂತ ನಾನೇ ಕಳಿಸ್ದೆ."

ಅದನ್ನು ಕೇಳಿದ ಮೇಲೂ ನಾನು ಬಾಯಿ ಬಿಡಲಿಲ್ಲ. ಕೆಲಸ ಹೋದೀತೆಂಬ ಭಯ.

ಕೆಲಸದಿಂದ ನಿವೃತ್ತನಾಗಿ ಎಷ್ಟೋ ವರ್ಷವಾದ ಮೇಲೆ, ಹೋದ ತಿಂಗಳು, ಆ ಅಕ್ಕ ಅದೇ ಊರಿನ ಬೆಸೆಂಟ್ ನಗರದಲ್ಲಿ ಮಗಳ ಜೊತೆ ಇದ್ದಾರೆಂದು ತಿಳಿದು ಹೋದೆ. ಎಲ್ಲವನ್ನೂ ಹೇಳಿದೆ.

"ಡಾಕ್ಟ್ರು ಅದನ್ನ ನೋಡಿದ್ರೆ ಇವರು ಉಳೀತಿದ್ರಾ?"

"ಹೇಳೋಕಾಗಲ್ಲ ಅಕ್ಕಾ. ಆದರೆ ನಾರ್ಮಲ್ ಅಂತ ಬರೀತಿರಲಿಲ್ಲ. ನೀವೂ ಕೆಲಸಕ್ಕೆ ಕಳಿಸ್ತಿರಲಿಲ್ಲ."

"ಅವತ್ತೇ ಹೇಳಿದ್ರೆ ನಿನ್ನ ಬೈದು ಮುಗಿಸ್ತಿದ್ದೆ. ಇಷ್ಟು ವರ್ಷ ನನ್ನನ್ನೇ ಬೈಕೊಂಡು ಬದುಕ್ದೆ."

ಒಳಗಿನಿಂದ ಮಗಳು ತಮಿಳಿನಲ್ಲಿ "ಯಾರಮ್ಮಾ ಅದು?" ಎಂದು ಕೇಳಿದಳು. ತಾಯಿ ಅವಳನ್ನು ಕರೆದು ಎದುರಿಗೆ ಕೂರಿಸಿದರು.

"ಅಪ್ಪನ್ನ ನೀನೇ ಸಾಯೋಕೆ ಕಳಿಸ್ದೆ ಅಂತ ಇವಳೂ ನನಗೆ ಒಂದ್ಸಲ ಅಂದಿದ್ದಾಳೆ. ಇವಳಿಗೂ ಹೇಳು. ಇವಳಿಗೆ ಕನ್ನಡ ಅಷ್ಟು ಬರಲ್ಲ, ತಮಿಳಲ್ಲೇ ಹೇಳು, ಒಂದೂ ಬಿಡಬೇಡ."

ಚಿಕ್ಕ ವಯಸ್ಸು, ಭಯ, ತಿಳಿವಳಿಕೆ ಸಾಲದು ಎಂದು ಕನ್ನಡದಲ್ಲಿ ಎಷ್ಟೋ ದಿನದಿಂದ ಮಾತು ಜೋಡಿಸಿಕೊಂಡು ಬಂದಿದ್ದೆ. ತಮಿಳಿನಲ್ಲಿ ಅಂಥದ್ದೇನೂ ಸಿದ್ಧವಿರಲಿಲ್ಲ. ಕತ್ತರಿಸಿದೆ, ಎಸೆದೆ, ನಿಮ್ಮಮ್ಮ ಕೇಳಿದಾಗ ಸುಳ್ಳು ಹೇಳಿದೆ ಎಂದೆ. ಮಗಳು ನನ್ನತ್ತ ನೋಡಲೇ ಇಲ್ಲ. ಎದ್ದು ಹೋಗಿ ತಾಯಿಯ ಪಕ್ಕದಲ್ಲಿ ಕೂತಳು.